ಸ್ತನ ಕ್ಯಾನ್ಸರ್ ಪತ್ತೆ: ಎಂ.ಆರ್.ಐ. ಯಾರಿಗೆ ಬೇಕು, ಯಾರಿಗೆ ಬೇಡ?

ಅಕ್ಟೋಬರ್ ತಿಂಗಳು ಬಂತೆಂದರೆ ಮುಂಬಯಿ ಮಹಾನಗರದ ಆಸ್ಪತ್ರೆಗಳೂ ಸಂಘ-ಸಂಸ್ಥೆಗಳೂ ಗುಲಾಬಿ ಬಣ್ಣದ ರಿಬ್ಬನ್ ಧರಿಸಿ ಸ್ತನ ಕ್ಯಾನ್ಸರಿನ ಬಗ್ಗೆ ಮಾತನಾಡತೊಡಗುತ್ತವೆ. ತುಳು-ಕನ್ನಡಿಗರ ಸಂಘಗಳ ಮಹಿಳಾ ವಿಭಾಗಗಳು ಏರ್ಪಡಿಸುವ ಭಾನುವಾರದ ವೈದ್ಯಕೀಯ ಶಿಬಿರಗಳಲ್ಲೂ ಈ ವಿಷಯಕ್ಕೆ ಒಂದು ಉಪನ್ಯಾಸ ಮೀಸಲಿರುತ್ತದೆ. ಉಪನ್ಯಾಸ ಮುಗಿದು ಪ್ರಶ್ನೋತ್ತರ ಶುರುವಾದಾಗ ಕೇಳಿಬರುವ ಪ್ರಶ್ನೆಗಳಲ್ಲಿ ಒಂದು ಇದು: "ಡಾಕ್ಟ್ರೇ, ಅದು ಇದು ಅಂತ ಯಾಕೆ, ನೇರವಾಗಿ ಎಂ.ಆರ್.ಐ. ಮಾಡಿಸಿದರೆ ಎಲ್ಲ ಗೊತ್ತಾಗುವುದಿಲ್ಲವೇ?"

ಪ್ರಶ್ನೆ ಸಹಜವಾದುದೇ. ಬೆನ್ನು ನೋವಿಗೆ, ಮೊಣಕಾಲು ನೋವಿಗೆ, ತಲೆಗೆ ಪೆಟ್ಟಾದಾಗ ಎಂ.ಆರ್.ಐ. ಮಾಡಿಸಿದವರು ಈಗ ಪ್ರತಿ ಕಟ್ಟಡದಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಯಂತ್ರ ದೊಡ್ಡದು, ಖರ್ಚು ದೊಡ್ಡದು, ಆದ್ದರಿಂದ ಉತ್ತರವೂ ದೊಡ್ಡದಿರಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಸ್ತನ ಕ್ಯಾನ್ಸರಿನ ಮಟ್ಟಿಗೆ ಈ ತಿಳಿವಳಿಕೆ ಅರ್ಧ ಸತ್ಯ ಮಾತ್ರ. ಅಗತ್ಯವಿಲ್ಲದವರು ಸಾವಿರಾರು ರೂಪಾಯಿ ತೆತ್ತು ಈ ಯಂತ್ರದೊಳಗೆ ಹೋಗಿ ಬರುತ್ತಿದ್ದಾರೆ. ನಿಜವಾಗಿ ಅಗತ್ಯವಿರುವ ಕೆಲವರಿಗೆ ಅದರ ಸುದ್ದಿಯೇ ತಲುಪುತ್ತಿಲ್ಲ. ಈ ಎರಡರ ನಡುವೆ, ಮೊದಲು ಆಗಬೇಕಾದ ಅಗ್ಗದ ಕೆಲಸ ಹಿಂದೆ ಬೀಳುತ್ತಿದೆ.

ವಿಷಯ ಎಷ್ಟು ಗಂಭೀರ ಎಂಬುದಕ್ಕೆ ಎರಡು ಅಂಕಿಗಳು ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ತಗಲಿದೆ; ಅದೇ ವರ್ಷ 98 ಸಾವಿರಕ್ಕೂ ಅಧಿಕ ಮಂದಿ ಈ ರೋಗದಿಂದ ಸಾವನ್ನಪ್ಪಿದ್ದಾರೆ. 1963ರಿಂದ ಲೆಕ್ಕ ಇಡುತ್ತಾ ಬಂದಿರುವ ಮುಂಬಯಿ ಕ್ಯಾನ್ಸರ್ ನೋಂದಣಿಯ ಪ್ರಕಾರವೂ ಈ ನಗರದ ಮಹಿಳೆಯರಲ್ಲಿ ಕಾಣುವ ಕ್ಯಾನ್ಸರುಗಳ ಪೈಕಿ ಮೊದಲ ಸ್ಥಾನ ಇದರದ್ದೇ. ಪಾಶ್ಚಾತ್ಯ ದೇಶಗಳ ಮಹಿಳೆಯರಿಗೆ ಹೋಲಿಸಿದರೆ ಭಾರತೀಯ ಮಹಿಳೆಯರಲ್ಲಿ ಇದು ಸುಮಾರು ಒಂದು ದಶಕ ಮೊದಲೇ, ಅಂದರೆ ಮಕ್ಕಳ ಓದು, ಮನೆಯ ಸಾಲದ ಕಂತು ಎಲ್ಲವೂ ನಡೆಯುತ್ತಿರುವ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ಯಂತ್ರ ಏನು ಮಾಡುತ್ತದೆ?

ಎಂ.ಆರ್.ಐ.ಯಲ್ಲಿ ಎಕ್ಸ್-ರೇ ಕಿರಣ ಇಲ್ಲ. ಅದೊಂದು ಬೃಹತ್ ಅಯಸ್ಕಾಂತ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. ದೇಹದಲ್ಲಿರುವ ನೀರಿನ ಜಲಜನಕದ ಕಣಗಳು ಈ ಸೆಳೆತಕ್ಕೆ ಸಿಕ್ಕಿ ಸಾಲಾಗಿ ನಿಲ್ಲುತ್ತವೆ. ರೇಡಿಯೋ ತರಂಗ ಹಾಯಿಸಿದಾಗ ಅಲುಗಾಡಿ, ಮತ್ತೆ ಸ್ವಸ್ಥಾನಕ್ಕೆ ಮರಳುವಾಗ ಸಂಕೇತ ಹೊರಡಿಸುತ್ತವೆ. ಆ ಸಂಕೇತಗಳನ್ನು ಕಂಪ್ಯೂಟರ್ ಚಿತ್ರವಾಗಿ ಜೋಡಿಸುತ್ತದೆ. ಈ ವಿಧಾನಕ್ಕೆ ದಾರಿ ಮಾಡಿಕೊಟ್ಟ ಪಾಲ್ ಲೌಟರ್‌ಬರ್ ಹಾಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು.

ಸ್ತನದ ಎಂ.ಆರ್.ಐ. ಬೆನ್ನಿನ ಎಂ.ಆರ್.ಐ.ಯಂತಲ್ಲ. ಮಹಿಳೆ ಕವುಚಿ ಮಲಗಬೇಕು. ಸ್ತನಗಳು ಇಳಿಬೀಳಲು ಎರಡು ಕುಳಿಗಳಿರುವ ವಿಶೇಷ ಸಾಧನ ಬೇಕು. ಕೈಯ ರಕ್ತನಾಳದ ಮೂಲಕ ಗ್ಯಾಡೊಲಿನಿಯಂ ಎಂಬ ಔಷಧಿ ಕೊಟ್ಟು, ಅದು ಹರಿಯುವ ಮೊದಲು ಮತ್ತು ಹರಿದ ಮೇಲೆ ಚಿತ್ರ ತೆಗೆಯುತ್ತಾರೆ. ಕ್ಯಾನ್ಸರ್ ಗಡ್ಡೆ ತನ್ನ ಬೆಳವಣಿಗೆಗೆ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುವುದರಿಂದ ಔಷಧಿಯನ್ನು ಬೇಗ ಹೀರಿ, ಅನೇಕ ಬಾರಿ ಬೇಗ ಬಿಟ್ಟುಬಿಡುತ್ತದೆ. ತಜ್ಞರು ನೋಡುವುದು ಈ ವೇಗವನ್ನು ಮತ್ತು ಗಡ್ಡೆಯ ಆಕಾರವನ್ನು. ಒಟ್ಟು ಅರ್ಧ-ಮುಕ್ಕಾಲು ಗಂಟೆ ಅಲುಗಾಡದೆ, ದೊಡ್ಡ ಸದ್ದಿನ ನಡುವೆ ಮಲಗಿರಬೇಕಾಗುತ್ತದೆ. ಮುಟ್ಟು ನಿಲ್ಲದ ಮಹಿಳೆಯರಿಗೆ ತುರ್ತಿಲ್ಲದಿದ್ದರೆ ಮುಟ್ಟಿನ ಏಳರಿಂದ ಹದಿನಾಲ್ಕನೇ ದಿನದ ಒಳಗೆ ಮಾಡುವುದು ಉತ್ತಮ. ಬೇರೆ ದಿನಗಳಲ್ಲಿ ಸಹಜ ಅಂಗಾಂಶವೂ ಔಷಧಿ ಹೀರಿ ತಪ್ಪು ಗುಮಾನಿ ಹುಟ್ಟಿಸಬಹುದು.

ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಪೇಸ್‌ಮೇಕರ್ ಅಳವಡಿಸಿಕೊಂಡವರು ಮೊದಲೇ ತಿಳಿಸಬೇಕು. ಕರಿಮಣಿ, ಬಳೆ, ಕಾಲುಂಗುರ, ತಲೆಯ ಪಿನ್ನು ಎಲ್ಲವನ್ನೂ ತೆಗೆದಿಡಬೇಕು. "ಕರಿಮಣಿ ತೆಗೆಯುವುದಿಲ್ಲ" ಎಂದು ಹಟ ಹಿಡಿಯುವ ಹಿರಿಯರಿಗೆ ಮನೆಯವರೇ ತಾಳ್ಮೆಯಿಂದ ಹೇಳಬೇಕಾಗುತ್ತದೆ. ಇದು ಬರಿಯ ನಿಯಮವಲ್ಲ. 2018ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಜತೆಗೆ ಬಂದಿದ್ದ ಯುವಕನೊಬ್ಬ ಆಮ್ಲಜನಕದ ಸಿಲಿಂಡರ್ ಹಿಡಿದು ಎಂ.ಆರ್.ಐ. ಕೋಣೆ ಹೊಕ್ಕಾಗ ಯಂತ್ರ ಸೆಳೆದುಕೊಂಡು ಆತ ಪ್ರಾಣ ಕಳೆದುಕೊಂಡ ದುರಂತ ಈ ನಗರಕ್ಕೆ ಗೊತ್ತಿದೆ.

ಹೆಚ್ಚು ಕಾಣುವುದರ ಬೆಲೆ

ಸ್ತನದೊಳಗಿನ ಗಡ್ಡೆಯನ್ನು ಪತ್ತೆ ಹಚ್ಚುವುದರಲ್ಲಿ ಎಂ.ಆರ್.ಐ.ಯಷ್ಟು ಸೂಕ್ಷ್ಮ ಪರೀಕ್ಷೆ ಇನ್ನೊಂದಿಲ್ಲ ಎಂಬುದನ್ನು ವೈದ್ಯರೆಲ್ಲರೂ ಒಪ್ಪುತ್ತಾರೆ. ಕಷ್ಟ ಇರುವುದು ಬೇರೆ ಕಡೆ. ಅದು ಕ್ಯಾನ್ಸರನ್ನು ಮಾತ್ರ ತೋರಿಸುವುದಿಲ್ಲ. ಕ್ಯಾನ್ಸರ್ ಅಲ್ಲದ್ದನ್ನೂ ಕ್ಯಾನ್ಸರಿನಂತೆ ತೋರಿಸುತ್ತದೆ.

ನೆದರ್ಲೆಂಡ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ 'ಡೆನ್ಸ್' ಎಂಬ ಅಧ್ಯಯನ ಇದಕ್ಕೆ ಉತ್ತಮ ನಿದರ್ಶನ. ಸ್ತನದ ಅಂಗಾಂಶ ಅತಿ ದಟ್ಟವಾಗಿರುವ, ಮ್ಯಾಮೋಗ್ರಫಿಯಲ್ಲಿ ಏನೂ ಕಾಣಿಸದ, 50ರಿಂದ 75 ವಯಸ್ಸಿನ 40 ಸಾವಿರಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದರು. ಕೆಲವರನ್ನು ಹೆಚ್ಚುವರಿಯಾಗಿ ಎಂ.ಆರ್.ಐ.ಗೆ ಕರೆಯಲಾಯಿತು. ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ತಲೆಯೆತ್ತುವ ಕ್ಯಾನ್ಸರ್, ಎಂ.ಆರ್.ಐ.ಗೆ ಕರೆದ ಗುಂಪಿನಲ್ಲಿ ಸಾವಿರಕ್ಕೆ 2.5, ಕರೆಯದ ಗುಂಪಿನಲ್ಲಿ ಸಾವಿರಕ್ಕೆ 5 ಇತ್ತು. ಅಂದರೆ ಅರ್ಧಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಓದಬೇಕು: ಎಂ.ಆರ್.ಐ. ಮಾಡಿಸಿಕೊಂಡ ಪ್ರತಿ ಸಾವಿರ ಮಂದಿಯಲ್ಲಿ ಹದಿನಾರು-ಹದಿನೇಳು ಮಂದಿಗೆ ಕ್ಯಾನ್ಸರ್ ಪತ್ತೆಯಾಯಿತು; ಸುಮಾರು 80 ಮಂದಿಗೆ ಗುಮಾನಿ ಹುಟ್ಟಿ, ಮುಂದಿನ ಪರೀಕ್ಷೆಗಳ ಬಳಿಕ "ಏನೂ ಇಲ್ಲ" ಎಂದಾಯಿತು.

ಸುಸಜ್ಜಿತ ವ್ಯವಸ್ಥೆ ಇರುವ ಸಣ್ಣ ದೇಶದಲ್ಲಿ ಆ 80 ಮಂದಿ ಇನ್ನೊಂದು ಪರೀಕ್ಷೆ ಮಾಡಿಸಿಕೊಂಡು ಮನೆಗೆ ಹೋಗುತ್ತಾರೆ. ವಿರಾರ್ ಅಥವಾ ಬದ್ಲಾಪುರದ ಮಹಿಳೆಗೆ ಅದರರ್ಥ ಬೇರೆ. ಇನ್ನೊಂದು ಸೊನೋಗ್ರಫಿ, ಬಯಾಪ್ಸಿ, ಒಂದೊಂದಕ್ಕೂ ಮನೆಯಾತನ ರಜೆ, ಲೋಕಲ್ ರೈಲಿನ ಪ್ರಯಾಣ, ವಾರಗಟ್ಟಲೆ ನಿದ್ದೆಯಿಲ್ಲದ ರಾತ್ರಿಗಳು. ಕೆಲವೊಮ್ಮೆ ಗುಮಾನಿಯ ಜಾಗ ಎಂ.ಆರ್.ಐ.ಯಲ್ಲಿ ಮಾತ್ರ ಕಾಣಿಸಿಕೊಂಡರೆ, ಅದನ್ನು ನೋಡಿಕೊಂಡೇ ಸೂಜಿ ಹಾಕುವ ಸೌಲಭ್ಯವಿರುವ ಕೇಂದ್ರವನ್ನು ಹುಡುಕಬೇಕು. ಆ ಸೌಲಭ್ಯ ಎಲ್ಲ ಸ್ಕ್ಯಾನ್ ಕೇಂದ್ರಗಳಲ್ಲಿ ಇರುವುದಿಲ್ಲ.

ಕ್ಯಾನ್ಸರ್ ಖಚಿತವಾದ ಮೇಲೆ, ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲರಿಗೂ ಎಂ.ಆರ್.ಐ. ಮಾಡಿದರೆ ಲಾಭವೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಬ್ರಿಟನ್ನಿನಲ್ಲಿ 1,623 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ 'ಕೊಮೈಸ್' ಅಧ್ಯಯನದಲ್ಲಿ, ಎಂ.ಆರ್.ಐ. ಮಾಡಿಸಿದವರಲ್ಲೂ ಮಾಡಿಸದವರಲ್ಲೂ ಮರು ಶಸ್ತ್ರಚಿಕಿತ್ಸೆ ಬೇಕಾದವರ ಪ್ರಮಾಣ ಒಂದೇ ಆಗಿತ್ತು, ಶೇ. 19. ಸ್ತನದಲ್ಲಿ ಕಾಣುವ ಅತಿಸೂಕ್ಷ್ಮ ಸುಣ್ಣದ ಕಣಗಳನ್ನಂತೂ ಎಂ.ಆರ್.ಐ.ಗಿಂತ ಮ್ಯಾಮೋಗ್ರಫಿಯೇ ಚೆನ್ನಾಗಿ ತೋರಿಸುತ್ತದೆ. ಕೆಲವರಲ್ಲಿ ರೋಗದ ಮೊದಲ ಸುಳಿವು ಅದೊಂದೇ ಆಗಿರುತ್ತದೆ.

ಇನ್ನೂ ಒಂದು ಮಾತು. ಎಂ.ಆರ್.ಐ. ಎಷ್ಟೇ ಸ್ಪಷ್ಟವಾಗಿ ತೋರಿಸಿದರೂ "ಇದು ಕ್ಯಾನ್ಸರ್" ಎಂದು ತೀರ್ಪು ಕೊಡುವುದು ಬಯಾಪ್ಸಿ ಮಾತ್ರ. ಸೂಜಿಯಿಂದ ತೆಗೆದ ಸಣ್ಣ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬಳಿಕವೇ ಯಾವ ಬಗೆಯ ಕ್ಯಾನ್ಸರ್, ಹಾರ್ಮೋನಿಗೆ ಸ್ಪಂದಿಸುವುದೇ, ಯಾವ ಔಷಧಿ ನಾಟುತ್ತದೆ ಎಂಬುದು ತಿಳಿಯುತ್ತದೆ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಭಯದಿಂದ ಬಯಾಪ್ಸಿ ತಪ್ಪಿಸಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವವರಿದ್ದಾರೆ. ಈ ಭಯಕ್ಕೆ ಆಧಾರವಿಲ್ಲ. ಸೂಜಿಯಿಂದ ಯಾರೂ ಕೆಟ್ಟಿಲ್ಲ. ಅದನ್ನು ಮುಂದೂಡಿ ಕೆಟ್ಟವರಿದ್ದಾರೆ.

ಯಾರಿಗೆ ನಿಜವಾಗಿ ಬೇಕು?

ಹಾಗೆಂದು ಎಂ.ಆರ್.ಐ.ಯನ್ನು ಬದಿಗೆ ಸರಿಸುವಂತಿಲ್ಲ. ಕೆಲವರ ಪಾಲಿಗೆ ಅದು ಜೀವ ಉಳಿಸುವ ಪರೀಕ್ಷೆ. ಅವರಲ್ಲಿ ಮೊದಲಿಗರು ವಂಶವಾಹಿಯಲ್ಲೇ ಅಪಾಯ ಹೊತ್ತವರು. 1990ರ ದಶಕದಲ್ಲಿ ಗುರುತಿಸಲಾದ ಬಿ.ಆರ್.ಸಿ.ಎ. ಒಂದು ಮತ್ತು ಎರಡು ಎಂಬ ವಂಶವಾಹಿಗಳಲ್ಲಿ ದೋಷವಿರುವ ಮಹಿಳೆಯರಲ್ಲಿ 80 ವರ್ಷ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ತಗಲುವ ಸಾಧ್ಯತೆ ಶೇ. 70ರ ಆಸುಪಾಸಿನಲ್ಲಿದೆ ಎಂದು 2017ರ ದೊಡ್ಡ ಅಧ್ಯಯನವೊಂದು ತಿಳಿಸಿತ್ತು. ಹಾಲಿವುಡ್ ನಟಿ ಏಂಜಲಿನಾ ಜೋಲಿ 2013ರಲ್ಲಿ ತಮ್ಮ ಶಸ್ತ್ರಚಿಕಿತ್ಸೆಯ ವಿಷಯ ಬಹಿರಂಗಪಡಿಸಿದಾಗ ಇದು ಮನೆಮನೆಯ ಮಾತಾಯಿತು. ಇಂಥವರಿಗೆ ಚಿಕ್ಕ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂ.ಆರ್.ಐ. ಮಾಡಿಸುವಂತೆ ಅಮೆರಿಕದ ಕ್ಯಾನ್ಸರ್ ಸೊಸೈಟಿ 2007ರಲ್ಲೇ ಶಿಫಾರಸು ಮಾಡಿತ್ತು. ಚಿಕ್ಕ ವಯಸ್ಸಿನ ದಟ್ಟ ಅಂಗಾಂಶದಲ್ಲಿ ಮ್ಯಾಮೋಗ್ರಫಿಗೆ ಕಾಣದಿರುವುದು ಇದರಲ್ಲಿ ಕಾಣುತ್ತದೆ ಎಂಬುದೇ ಕಾರಣ.

ಇಲ್ಲಿ ತುಳುನಾಡಿನ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. "ಕುಟುಂಬದಲ್ಲಿ ಯಾರಿಗಾದರೂ ಇತ್ತೇ?" ಎಂದು ವೈದ್ಯರು ಕೇಳಿದಾಗ ಅಳಿಯಸಂತಾನದ ಮನೆಗಳಲ್ಲಿ ಬೆಳೆದವರಿಗೆ ಥಟ್ಟನೆ ನೆನಪಾಗುವುದು ತಾಯಿಯ ಕಡೆ. ಕುಟುಂಬ ಎಂದರೆ ತಾಯಿಯ ಬಳಿ, ತಾಯಿಯ ತರವಾಡು. ತಂದೆಯ ಕಡೆಯವರು ಬೇರೆ ಬಳಿಯವರು ಎಂಬ ಲೆಕ್ಕ. ಆದರೆ ವಂಶವಾಹಿಗೆ ಅಳಿಯಸಂತಾನವೂ ಗೊತ್ತಿಲ್ಲ, ಮಕ್ಕಳ ಸಂತಾನವೂ ಗೊತ್ತಿಲ್ಲ. ಅದು ತಂದೆಯಿಂದಲೂ ತಾಯಿಯಿಂದಲೂ ಸಮಾನವಾಗಿ ಬರುತ್ತದೆ. ತಂದೆಗೆ ಏನೂ ಆಗದೆ ಮಗಳಿಗೆ ದಾಟಬಹುದು. ಆದ್ದರಿಂದ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮನ ಜತೆಗೆ ಸೋದರತ್ತೆಯನ್ನೂ ತಂದೆಯ ತಾಯಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂಡಾಶಯದ ಕ್ಯಾನ್ಸರ್ ಇದ್ದವರನ್ನೂ, ಗಂಡಸರಲ್ಲಿ ಸ್ತನ ಕ್ಯಾನ್ಸರ್ ಆಗಿದ್ದರೆ ಅವರನ್ನೂ ಹೇಳಬೇಕು. ಊರಿನಲ್ಲಿ "ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡರು" ಎಂದು ಮಾತ್ರ ಹೇಳಿ ಮುಗಿಸುವ ಹಳೆಯ ಸಾವುಗಳ ಬಗ್ಗೆ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.

ಹೀಗೆ ಸಂಶಯವಿರುವ ಕುಟುಂಬಗಳಿಗೆ ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ವಂಶವಾಹಿ ಸಲಹಾ ವಿಭಾಗವಿದೆ. ಮೊದಲು ಸಲಹೆ, ಬಳಿಕ ಅಗತ್ಯ ಬಿದ್ದರೆ ರಕ್ತ ಪರೀಕ್ಷೆ, ಆ ಬಳಿಕ ಎಂ.ಆರ್.ಐ. ಎಂಬುದೇ ಸರಿಯಾದ ಕ್ರಮ.

ಇನ್ನುಳಿದಂತೆ ಕಂಕುಳಲ್ಲಿ ಕ್ಯಾನ್ಸರಿನ ಗಂಟು ಸಿಕ್ಕಿಯೂ ಸ್ತನದಲ್ಲಿ ಮೂಲ ಕಾಣಿಸದವರು, ಮ್ಯಾಮೋಗ್ರಫಿ ಮತ್ತು ಸೊನೋಗ್ರಫಿಯ ರಿಪೋರ್ಟ್‌ಗಳು ಒಂದಕ್ಕೊಂದು ತಾಳೆಯಾಗದವರು, ಶಸ್ತ್ರಚಿಕಿತ್ಸೆಗೆ ಮೊದಲು ಕಿಮೊಥೆರಪಿ ಪಡೆದು ಗಡ್ಡೆ ಎಷ್ಟು ಕರಗಿತು ಎಂದು ಅಳೆಯಬೇಕಾದವರು, ಕೆಲವು ಬಗೆಯ ಹರಡಿದ ಗಡ್ಡೆ ಇರುವವರು, ಇಂಥವರಿಗೆ ತಜ್ಞರು ಎಂ.ಆರ್.ಐ. ಹೇಳಬಹುದು. ಅಂದರೆ ಇದು ತಜ್ಞರು ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಹುಡುಕಲು ಹೇಳುವ ಪರೀಕ್ಷೆ. ಮನೆಯವರೇ ತೀರ್ಮಾನಿಸಿ ಚೀಟಿಯಿಲ್ಲದೆ ಹೋಗುವ ಪರೀಕ್ಷೆಯಲ್ಲ.

ಮುಂಬಯಿಯಲ್ಲೇ ನಡೆದ 20 ವರ್ಷಗಳ ಅಧ್ಯಯನ

ಹಾಗಾದರೆ ಅಪಾಯದ ಕುಟುಂಬಕ್ಕೆ ಸೇರದ ಸಾಮಾನ್ಯ ಮಹಿಳೆಗೆ ಏನು ದಾರಿ? ಇದಕ್ಕೆ ಉತ್ತರ ಹುಡುಕಲು ಅಮೆರಿಕ, ಯುರೋಪಿಗೆ ಹೋಗಬೇಕಾಗಿಲ್ಲ. ಇದೇ ಮುಂಬಯಿಯ ಕೊಳಚೆ ಪ್ರದೇಶ ಮತ್ತು ಬಡ ಬಡಾವಣೆಗಳಲ್ಲಿ 1998ರ ಮೇ ತಿಂಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದು ಅಧ್ಯಯನ ಆರಂಭಿಸಿತು. 35ರಿಂದ 64 ವಯಸ್ಸಿನ, ಮೊದಲು ಸ್ತನ ಕ್ಯಾನ್ಸರ್ ಆಗಿರದ 1,51,538 ಮಹಿಳೆಯರನ್ನು 20 ವಠಾರಗಳಾಗಿ ವಿಂಗಡಿಸಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರಿಗೆ ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಸ್ತನ ತಪಾಸಣೆ ನಡೆಯಿತು. ಎಂ.ಆರ್.ಐ. ಇಲ್ಲ, ಮ್ಯಾಮೋಗ್ರಫಿಯೂ ಇಲ್ಲ. ಕೈಯಿಂದ ಮುಟ್ಟಿ ನೋಡುವ ತಪಾಸಣೆ. ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಇನ್ನೊಂದು ಗುಂಪಿನವರಿಗೆ ರೋಗದ ಬಗ್ಗೆ ತಿಳಿವಳಿಕೆ ಮಾತ್ರ ನೀಡಲಾಯಿತು. ಒಂದು ಗುಂಪಿಗೆ ತಪಾಸಣೆ ಕೊಡದೆ ಇರುವುದು ನ್ಯಾಯವೇ ಎಂಬ ಟೀಕೆ ಆಗ ಕೇಳಿಬಂದಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಡಾ. ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರು 20 ವರ್ಷಗಳ ಫಲಿತಾಂಶವನ್ನು 2021ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ತಪಾಸಣೆ ನಡೆದ ಗುಂಪಿನಲ್ಲಿ ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ರೋಗ ಪತ್ತೆಯಾದವರು ಶೇ. 37, ಇನ್ನೊಂದು ಗುಂಪಿನಲ್ಲಿ ಶೇ. 47. ಒಟ್ಟಾರೆ ಸಾವಿನ ಪ್ರಮಾಣದಲ್ಲಿ ಶೇ. 15ರಷ್ಟು ಇಳಿಕೆ ಕಂಡರೂ ಅದು ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ಖಚಿತವೆನಿಸಲಿಲ್ಲ. ಆದರೆ 50 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಇದು ಖಚಿತವಾದ ಇಳಿಕೆ. 50ಕ್ಕಿಂತ ಕೆಳಗಿನವರಲ್ಲಿ ರೋಗ ಮೊದಲ ಹಂತಗಳಲ್ಲಿ ಪತ್ತೆಯಾದರೂ ಸಾವಿನ ಲೆಕ್ಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈ ಫಲಿತಾಂಶವನ್ನು ಎರಡು ರೀತಿಯಲ್ಲಿ ಓದಬೇಕು. ಒಂದು, ಶಿಬಿರಗಳಿಗೆ ಬರುವವರು ಹೆಚ್ಚಾಗಿ ಮೂವತ್ತು-ನಲವತ್ತರ ಹರೆಯದವರು. ಅತ್ತೆಯಂದಿರು, ಅಜ್ಜಿಯಂದಿರು "ಈ ವಯಸ್ಸಿನಲ್ಲಿ ನಮಗೇನು" ಎಂದು ಮನೆಯಲ್ಲೇ ಉಳಿಯುತ್ತಾರೆ. ಆದರೆ ಲಾಭ ಖಚಿತವಾಗಿರುವುದು ಅವರಿಗೇ. ಎರಡು, ಕಿರಿಯರಿಗೆ ವರ್ಷದ ತಪಾಸಣೆಯೊಂದನ್ನೇ ನಂಬಿ ಕುಳಿತರೆ ಸಾಲದು. ಸ್ನಾನ ಮಾಡುವಾಗ ಗಂಟೋ, ಮೊಲೆತೊಟ್ಟಿನಲ್ಲಿ ರಕ್ತವೋ, ಚರ್ಮ ಸೆಳೆದುಕೊಂಡ ಗುರುತೋ ಕಂಡರೆ ಮುಂದಿನ ಶಿಬಿರಕ್ಕೆ ಕಾಯದೆ ಮರುದಿನವೇ ವೈದ್ಯರಲ್ಲಿಗೆ ಹೋಗಬೇಕು. ಗಂಟಿನಲ್ಲಿ ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ಕ್ಯಾನ್ಸರಿನ ಗಂಟು ಆರಂಭದಲ್ಲಿ ನೋಯುವುದು ಅಪರೂಪ.

ಕೇಂದ್ರ ಸರಕಾರ 2016ರಲ್ಲಿ ರೂಪಿಸಿದ ಮಾರ್ಗಸೂಚಿಯೂ 30ರಿಂದ 65 ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ತಪಾಸಣೆ ಮಾಡಬೇಕೆನ್ನುತ್ತದೆ. ಆದರೆ ಕಾಗದದಲ್ಲಿರುವುದು ನೆಲಕ್ಕಿಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಒಮ್ಮೆಯಾದರೂ ಸ್ತನ ತಪಾಸಣೆ ಆಗಿದೆ ಎಂದವರು ಶೇ. 0.9 ಮಾತ್ರ. ನೂರಕ್ಕೆ ಒಬ್ಬರೂ ಇಲ್ಲ. ಕೈಯಿಂದ ಮಾಡುವ ತಪಾಸಣೆಯೇ ತಲುಪದ ಕಡೆ ಎಂ.ಆರ್.ಐ.ಯ ಚರ್ಚೆ ಅಡಿಪಾಯವಿಲ್ಲದೆ ಮಾಳಿಗೆ ಕಟ್ಟಿದಂತೆ.

60 ದಿನಗಳ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ತನ ಕ್ಯಾನ್ಸರಿಗೆ ಸಂಬಂಧಿಸಿ ಮೂರು ಗುರಿಗಳನ್ನು ಮುಂದಿಟ್ಟಿದೆ. ಶೇ. 60ಕ್ಕಿಂತ ಹೆಚ್ಚು ರೋಗಿಗಳು ಮೊದಲೆರಡು ಹಂತಗಳಲ್ಲೇ ಪತ್ತೆಯಾಗಬೇಕು, ಮೊದಲ ಬಾರಿ ವೈದ್ಯರನ್ನು ಕಂಡ 60 ದಿನಗಳೊಳಗೆ ರೋಗ ನಿರ್ಣಯ ಮುಗಿಯಬೇಕು, ಶೇ. 80 ಮಂದಿ ಚಿಕಿತ್ಸೆ ಪೂರ್ಣಗೊಳಿಸಬೇಕು. ಇದರಲ್ಲಿ ಮಧ್ಯದ ಗುರಿಯೊಂದನ್ನು ಪ್ರತಿ ಕುಟುಂಬವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟುಕೊಳ್ಳಬಹುದು.

ಮುಂಬಯಿಯ ಮಧ್ಯಮ ವರ್ಗದ ಮನೆಯಲ್ಲಿ ಈ 60 ದಿನ ಹೇಗೆ ಕಳೆದುಹೋಗುತ್ತದೆ ಎಂದು ನೋಡೋಣ. ಡೊಂಬಿವಲಿಯಲ್ಲಿ ವಾಸಿಸುವ 52ರ ಗೃಹಿಣಿಯೊಬ್ಬರ ಕೈಗೆ ಗಂಟು ಸಿಕ್ಕಿತೆಂದು ಇಟ್ಟುಕೊಳ್ಳಿ. ಚೌತಿ ಮುಗಿಯಲಿ ಎಂದು ಹದಿನೈದು ದಿನ. ಊರಿನ ಮನೆಯ ನೇಮಕ್ಕೆ ಹೋಗಿ ಬರುವಾಗ ಇನ್ನೊಂದು ತಿಂಗಳು. ಗಂಡನಿಗೆ ಹೇಳಲು ಸಂಕೋಚ, ಮಗನಿಗೆ ಹೇಳಲು ನಾಚಿಕೆ. ಕೊನೆಗೆ ಮಗಳು ಒತ್ತಾಯಿಸಿ ಹತ್ತಿರದ ಡಾಕ್ಟರಲ್ಲಿಗೆ ಕರೆದೊಯ್ದರೆ ಅವರು ಸೊನೋಗ್ರಫಿ ಬರೆಯುತ್ತಾರೆ. ರಿಪೋರ್ಟ್ ನೋಡಿದ ನೆಂಟರೊಬ್ಬರು "ಎಂ.ಆರ್.ಐ. ಮಾಡಿಸಿ, ಸರಿಯಾಗಿ ಗೊತ್ತಾಗುತ್ತದೆ" ಎನ್ನುತ್ತಾರೆ. ಇನ್ನೊಬ್ಬರು ಮಂಗಳೂರು, ಮಣಿಪಾಲಕ್ಕೆ ಹೋಗಲು ಸೂಚಿಸುತ್ತಾರೆ. ಮತ್ತೊಬ್ಬರು ನಾಟಿ ಔಷಧಿಯ ವಿಳಾಸ ಕೊಡುತ್ತಾರೆ. ಬಯಾಪ್ಸಿಗೆ ಸೂಜಿ ತಾಗುವ ಹೊತ್ತಿಗೆ ನಾಲ್ಕೈದು ತಿಂಗಳು ಸಂದಿರುತ್ತದೆ. ಇಲ್ಲಿ ಕೊರತೆಯಿದ್ದುದು ಯಂತ್ರಕ್ಕಲ್ಲ, ಸಮಯಕ್ಕೆ.

ಗಂಟು ಕಂಡಾಗ ಅನುಸರಿಸಬೇಕಾದ ದಾರಿ ನೇರವಾದುದು. ವೈದ್ಯರು ಕೈಯಿಂದ ಪರೀಕ್ಷಿಸಬೇಕು. ಬಳಿಕ ವಯಸ್ಸು ನೋಡಿ ಮ್ಯಾಮೋಗ್ರಫಿ, ಸೊನೋಗ್ರಫಿ ಅಥವಾ ಎರಡೂ. ಸಂಶಯ ಉಳಿದರೆ ಬಯಾಪ್ಸಿ. ಈ ಮೂರನ್ನೇ ವೈದ್ಯರು 'ತ್ರಿವಳಿ ಪರೀಕ್ಷೆ' ಎನ್ನುತ್ತಾರೆ. ಬಹುಪಾಲು ಮಹಿಳೆಯರ ರೋಗ ನಿರ್ಣಯ ಇಷ್ಟರಲ್ಲೇ ಮುಗಿಯುತ್ತದೆ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದೂ ಈ ಹಂತದಲ್ಲೇ ತಿಳಿದು ಮನಸ್ಸು ಹಗುರಾಗುತ್ತದೆ.

ಹಣದ ಲೆಕ್ಕ

ಖರ್ಚಿನ ವಿಷಯವನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. "ಮೆಡಿಕ್ಲೈಮ್ ಇದೆ, ಒಂದು ದಿನ ಅಡ್ಮಿಟ್ ಆಗಿ ಎಂ.ಆರ್.ಐ. ಮಾಡಿಸೋಣ" ಎಂಬ ಯೋಚನೆ ಅನೇಕರಲ್ಲಿದೆ. ಬರಿಯ ಪರೀಕ್ಷೆಗಾಗಿ ದಾಖಲಾದರೆ ಆ ಖರ್ಚು ಕೊಡಲಾಗದು ಎಂಬ ಷರತ್ತು ವಿಮಾ ಪಾಲಿಸಿಗಳಲ್ಲಿ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ರೋಗ ಖಚಿತವಾಗಿ ಆಸ್ಪತ್ರೆಗೆ ದಾಖಲಾದರೆ, ಅದಕ್ಕೆ ಮೊದಲಿನ ನಿಗದಿತ ದಿನಗಳಲ್ಲಿ ಅದೇ ಕಾಯಿಲೆಗೆ ಮಾಡಿಸಿದ ಪರೀಕ್ಷೆಗಳ ಬಿಲ್ಲನ್ನು ಕೇಳಬಹುದು. 2020ರಲ್ಲಿ ಬಂದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಈ ಅವಧಿ 30 ದಿನ. ಬೇರೆ ಪಾಲಿಸಿಗಳಲ್ಲಿ ಹೆಚ್ಚೂ ಇರಬಹುದು. ಆದ್ದರಿಂದ ವೈದ್ಯರ ಚೀಟಿ, ಅಸಲು ಬಿಲ್ಲು, ರಶೀದಿಗಳನ್ನು ತಾರೀಕಿನಂತೆ ಒಂದೇ ಫೈಲಿನಲ್ಲಿ ಇಡಬೇಕು. ಪರೀಕ್ಷೆಯಲ್ಲಿ ತಡ ಮಾಡಿದರೆ ರೋಗವಷ್ಟೇ ಅಲ್ಲ, ಕ್ಲೈಮಿನ ಅವಧಿಯೂ ಮೀರುತ್ತದೆ.

ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ 80 ಡಿ ಕಲಮಿನ ಒಟ್ಟು ಮಿತಿಯೊಳಗೆ ಮುಂಜಾಗ್ರತಾ ತಪಾಸಣೆಗೆಂದು 5,000 ರೂ.ವರೆಗೆ ರಿಯಾಯಿತಿ ಇದೆ. ಪತ್ನಿ ಮತ್ತು ತಾಯಿಯ ಮ್ಯಾಮೋಗ್ರಫಿಗೆ ಇದನ್ನು ಬಳಸಿಕೊಳ್ಳಬಹುದು. ಇ.ಎಸ್.ಐ. ಕಡಿತವಾಗುವ ಹೋಟೆಲ್, ಕಾರ್ಖಾನೆ ಕಾರ್ಮಿಕರ ಪತ್ನಿಗೂ ಅವಲಂಬಿತ ಹೆತ್ತವರಿಗೂ ಆ ಯೋಜನೆಯಡಿ ಚಿಕಿತ್ಸೆಯ ಹಕ್ಕಿದೆ. ಸಂಬಳದ ಚೀಟಿಯಲ್ಲಿ ಕಡಿತ ಕಾಣುತ್ತಿದ್ದರೂ ಕಾರ್ಡ್ ಮಾಡಿಸಿಕೊಳ್ಳದವರು, ಮಾಡಿಸಿದರೂ ಕುಟುಂಬದ ಹೆಸರು ಸೇರಿಸದವರು ಅನೇಕರಿದ್ದಾರೆ.

ಮಹಾರಾಷ್ಟ್ರ ಸರಕಾರದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯನ್ನು ಎಲ್ಲ ರೇಷನ್ ಕಾರ್ಡ್‌ದಾರರಿಗೆ ವಿಸ್ತರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ಮಿತಿ ನಿಗದಿ ಮಾಡುವ ನಿರ್ಧಾರವನ್ನು 2023ರಲ್ಲಿ ಕೈಗೊಳ್ಳಲಾಯಿತು. ಕ್ಯಾನ್ಸರ್ ಚಿಕಿತ್ಸೆ ಇದರಲ್ಲಿ ಸೇರಿದೆ. ಆದರೆ ಮುಂಬಯಿಯಲ್ಲಿ ಮೂವತ್ತು ವರ್ಷ ದುಡಿದೂ ರೇಷನ್ ಕಾರ್ಡನ್ನು ಕಾರ್ಕಳದಲ್ಲೋ ಕುಂದಾಪುರದಲ್ಲೋ ಉಳಿಸಿಕೊಂಡಿರುವ ಕನ್ನಡಿಗರು ಇಲ್ಲಿ ತೊಡಕಿಗೆ ಸಿಲುಕುತ್ತಾರೆ. ರೋಗ ಬಂದ ಮೇಲೆ ಕಾಗದಪತ್ರಕ್ಕಾಗಿ ಓಡಾಡುವುದಕ್ಕಿಂತ, ಊರಿನ ಕಾರ್ಡ್ ಸಾಕೇ, ಇಲ್ಲಿನ ಕಾರ್ಡ್ ಬೇಕೇ ಎಂಬುದನ್ನು ಆರೋಗ್ಯ ಚೆನ್ನಾಗಿರುವಾಗಲೇ ವಿಚಾರಿಸಿ ಸರಿಪಡಿಸಿಕೊಳ್ಳುವುದು ಜಾಣತನ.

ಸಂಘಗಳು ಏನು ಮಾಡಬಹುದು?

ಮುಂಬಯಿಯಲ್ಲಿ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಿಗೆ ಕೊರತೆಯಿಲ್ಲ. ಚರ್ಚ್‌ಗೇಟಿನಿಂದ ವಿರಾರ್ ತನಕ, ಸಿ.ಎಸ್.ಎಂ.ಟಿ.ಯಿಂದ ಕಲ್ಯಾಣ್, ಪನ್ವೇಲ್ ತನಕ ಜಾತೀಯ ಸಂಘಗಳು, ಕನ್ನಡ ಸಂಘಗಳು, ಭಜನಾ ಮಂಡಳಿಗಳು, ಸ್ಥಳೀಯ ಸಮಿತಿಗಳು ಇವೆ. ರಕ್ತದಾನ, ಕಣ್ಣಿನ ತಪಾಸಣೆ, ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆಯ ಶಿಬಿರಗಳನ್ನು ಅವು ಅಚ್ಚುಕಟ್ಟಾಗಿ ನಡೆಸುತ್ತಿವೆ. ಇದರ ಜತೆಗೆ ಸ್ತನ ತಪಾಸಣೆಯನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಬೇಕಾದುದು ಪರದೆ ಕಟ್ಟಿದ ಒಂದು ಕೋಣೆ, ತರಬೇತಿಯಾದ ಒಬ್ಬ ವೈದ್ಯೆ ಅಥವಾ ದಾದಿ, ತುಳು-ಕನ್ನಡ ಬಲ್ಲ ಒಬ್ಬ ಕಾರ್ಯಕರ್ತೆ. 50 ದಾಟಿದವರನ್ನು ಮನೆಗೆ ಹೋಗಿ ಕರೆತರುವ ಹೊಣೆಯನ್ನು ಮಹಿಳಾ ವಿಭಾಗಗಳು ವಹಿಸಿಕೊಳ್ಳಬೇಕು.

ಆದರೆ ಶಿಬಿರ ಅಲ್ಲಿಗೇ ಮುಗಿಯಬಾರದು. ಗಂಟು ಸಿಕ್ಕಿದವರ ಪಟ್ಟಿಯನ್ನು ಗುಟ್ಟಾಗಿ ಇರಿಸಿಕೊಂಡು, 60 ದಿನಗಳೊಳಗೆ ಅವರೆಲ್ಲರ ಪರೀಕ್ಷೆ ಮುಗಿಯಿತೇ ಎಂದು ಒಬ್ಬರು ವಿಚಾರಿಸುತ್ತಿರಬೇಕು. ಮರಾಠಿ, ಹಿಂದಿ, ಇಂಗ್ಲಿಷ್ ಬಾರದ ಹಿರಿಯ ಮಹಿಳೆಯ ಜತೆಗೆ ಆಸ್ಪತ್ರೆಯ ಸರತಿ ಸಾಲಿನಲ್ಲಿ ನಿಂತು, ವೈದ್ಯರು ಹೇಳಿದ್ದನ್ನು ಅವರ ಭಾಷೆಯಲ್ಲಿ ತಿಳಿಸುವ ಒಬ್ಬ ಸ್ವಯಂಸೇವಕಿ, ದುಬಾರಿ ಸ್ಕ್ಯಾನಿಗಿಂತ ಹೆಚ್ಚಿನ ಉಪಕಾರ ಮಾಡಬಲ್ಲಳು. ವೇದಿಕೆಯ ಸನ್ಮಾನ, ಶಾಲು-ಫಲಪುಷ್ಪಗಳ ಖರ್ಚಿನ ಒಂದು ಪಾಲನ್ನು ಬಡ ಮಹಿಳೆಯರ ಮ್ಯಾಮೋಗ್ರಫಿ, ಬಯಾಪ್ಸಿಗೆ ಮೀಸಲಿಟ್ಟರೆ ಯಾರೂ ಬೇಸರಿಸಲಾರರು. ವಂಶದಲ್ಲಿ ರೋಗವಿದ್ದು, ತಜ್ಞರು ಎಂ.ಆರ್.ಐ. ಬೇಕೆಂದು ಬರೆದುಕೊಟ್ಟಿದ್ದು, ಹಣವಿಲ್ಲದ ಕಾರಣಕ್ಕೆ ಮುಂದೂಡುತ್ತಿರುವ ಹೆಣ್ಣುಮಗಳಿದ್ದರೆ, ಸಂಘದ ವೈದ್ಯಕೀಯ ನಿಧಿ ಮೊದಲು ತಲುಪಬೇಕಾದುದು ಅವಳಿಗೆ.

1941ರಲ್ಲಿ ಪರೇಲ್‌ನಲ್ಲಿ ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ರೋಗಿಗಳು ರೈಲಿನಲ್ಲಿ ಎರಡು ದಿನ ಪ್ರಯಾಣ ಮಾಡಿ ಬರುತ್ತಾರೆ. ಫುಟ್‌ಪಾತಿನಲ್ಲಿ ಮಲಗಿ ಸರತಿಗೆ ಕಾಯುತ್ತಾರೆ. ಅದೇ ಆಸ್ಪತ್ರೆ ಮುಂಬಯಿಯವರಿಗೆ ಒಂದು ಲೋಕಲ್ ಟಿಕೆಟಿನ ದೂರದಲ್ಲಿದೆ. ಹತ್ತಿರವಿದ್ದೂ ತಡವಾಗಿ ಹೋಗುವುದಕ್ಕೆ ಯಂತ್ರವನ್ನಾಗಲಿ ಸರಕಾರವನ್ನಾಗಲಿ ದೂರಿ ಫಲವಿಲ್ಲ. ಈ ಬಾರಿಯ ಶಿಬಿರದಲ್ಲಿ "ಎಂ.ಆರ್.ಐ. ಎಲ್ಲಿ ಮಾಡಿಸಬೇಕು?" ಎಂದು ಕೇಳುವ ಬದಲು "ನಮ್ಮ ಮನೆಯಲ್ಲಿ 50 ದಾಟಿದವರ ತಪಾಸಣೆ ಆಗಿದೆಯೇ?" ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳುವುದಾದರೆ, ಶಿಬಿರ ಏರ್ಪಡಿಸಿದವರ ಶ್ರಮ ಸಾರ್ಥಕವಾದೀತು.